ಕೇಸರಿಬಾತಿನ ಕಾಯಿಲೆ

ಬಸ್ಸಾದರೆ ನನಗೆ ಬಾನೆಟ್ಟು ಎತ್ತಬೇಕಿಲ್ಲ.
ಬನ್ನಿಮಂಟಪದ ಡಿಪೋ ಗೇಟಿನಲ್ಲಿ ತಿರುಗುವಾಗಲೇ
ಯಾವುದರ ಇಂಜೆಕ್ಟರು ಕೆಮ್ಮುತ್ತಿದೆ, ಯಾವುದರ ಬೇರಿಂಗು
ಹಲ್ಲು ಕಡಿಯುತ್ತಿದೆ, ಟೀ ಲೋಟ ಕೆಳಗಿಡದೆ ಹೇಳಬಲ್ಲೆ.
ಇಪ್ಪತ್ತಾರು ವರ್ಷ ಕಿವಿಯಿಂದಲೇ ಅನ್ನ ತಿಂದವನು.

ಮೀನು ಮಾತ್ರ ಸದ್ದು ಮಾಡಲಿಲ್ಲ.

ಸೆಕೆಂಡ್ ಶಿಫ್ಟು ಮುಗಿಸಿ ಬಂದರೆ
ಗಾಜಿನ ತೊಟ್ಟಿಯ ಮೂಲೆಯಲ್ಲಿ ಒಂದು ಮಗ್ಗುಲಾಗಿ ತೇಲುತ್ತಿತ್ತು,
ಪಂಕ್ಚರಾದ ಕಡೆಗೆ ವಾಲಿದ ಲಾರಿಯ ಹಾಗೆ.
ಮಗಳಿಟ್ಟ ಹೆಸರು ಕೇಸರಿಬಾತ್. ಬಣ್ಣವೂ ಹಾಗೇ, ಹೊಟ್ಟೆಯೂ ಹಾಗೇ.
"ಸತ್ತೋಯ್ತಾ ಅಪ್ಪ?"
ಸತ್ತಿರಲಿಲ್ಲ. ಕಿವಿರು ಬಡಿಯುತ್ತಿತ್ತು.
"ನೋಡೋಣ ತಡಿ" ಅಂದೆ,
ಏನನ್ನು ನೋಡಬೇಕು ಅಂತ ಗೊತ್ತಿಲ್ಲದೆ.

ಮೊದಲು ಕಣ್ಣು. ಮಂಜು ಕಟ್ಟಿಲ್ಲ.
ಟಾರ್ಚು ಬಿಟ್ಟು ಮೈ. ಉಪ್ಪು ಉದುರಿಸಿದಂಥ ಬಿಳಿ ಚುಕ್ಕಿ ಇಲ್ಲ.
ಹುರುಪೆ ಸೆಟೆದು ಹಲಸಿನ ಸಿಪ್ಪೆಯಾಗಿಲ್ಲ;
ಹಾಗಾದರೆ ಆಸೆ ಬಿಡಿ ಅಂತ
ಮಂಡಿ ಮೊಹಲ್ಲಾದ ಮೀನಿನಂಗಡಿ ಇಮ್ದಾದ್ ಹೇಳಿದ್ದ.
ಬಾಲದ ಅಂಚು ಕೊಂಚ ಕೆಂಪು.
ಹಿಂದೆ ಬಿಳೀ ನೂಲಿನಂಥ ಹಿಕ್ಕೆ ಜೋತು ಬಿದ್ದಿತ್ತು.
ಪಾಪ, ಅದು ನಾಚಿಕೊಳ್ಳದೆ ತೋರಿಸಿತು,
ನಾನು ನಾಚಿಕೊಳ್ಳದೆ ನೋಡಿದೆ.

ಮಾರನೇ ದಿನ ಜಾಮಿನ ಸೀಸೆಯಲ್ಲಿ ತೊಟ್ಟಿಯ ನೀರು ಹಿಡಿದು
ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ಹೋದೆ.
ಇಮ್ದಾದ್ ನಳಿಗೆಯಲ್ಲಿ ಎಂಟು ತೊಟ್ಟು ಔಷಧಿ ಬಿಟ್ಟ,
ಇನ್ನೊಂದು ಬುಡ್ಡಿಯಿಂದ ಎಂಟು,
ಅಲ್ಲಾಡಿಸಿ ಟ್ಯೂಬ್‌ಲೈಟಿಗೆ ಹಿಡಿದ.
ಅರಿಶಿನ ಇದ್ದದ್ದು ನೋಡುನೋಡುತ್ತ ಬಾಳೆಲೆ ಹಸಿರಾಯಿತು.
"ಕಾಯಿಲೆ ನೀರಿಗೆ ಅಣ್ಣ. ಮೀನು ಬರೀ ಹೇಳ್ತಾ ಇದೆ.
ನಿಮ್ಮನೇಲಿ ಊಟ ಹಾಕೋರು ಎಷ್ಟು ಜನ?"
ಮಗಳೊಬ್ಬಳೇ, ಬೆಳಿಗ್ಗೆ ಒಂದು ಚಿಟಿಕೆ, ಅಂದೆ.
"ಹೋಗಿ ಡಬ್ಬಿ ನೋಡಿ."

ಹದಿನೈದು ದಿನದ ಹಿಂದೆ ಕೊಂಡ ಡಬ್ಬಿ.
ಕಿವಿಗೆ ಹಿಡಿದು ಅಲ್ಲಾಡಿಸಿದೆ.
ಈ ಭಾಷೆ ನನಗೆ ಗೊತ್ತು: ಖಾಲಿ ಟ್ಯಾಂಕು.

ಗುರುವಾರ ರಜ ಹಾಕಿ ನಡುಮನೆಯಲ್ಲಿ ಪೇಪರು ಹಿಡಿದು ಕೂತೆ.
ಆರೂವರೆಗೆ ಮಗಳು, ಒಂದು ಚಿಟಿಕೆ.
ಏಳಕ್ಕೆ ಮಾವ ಬಂದರು,
ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಟೈಮ್‌ಕೀಪರ್ ಆಗಿದ್ದವರು.
ಗಡಿಯಾರ ನೋಡಿದರು.
"ಇನ್ನೂ ಯಾರೂ ಹಾಕಿಲ್ವೇನಮ್ಮ ನಿಂಗೆ" ಅಂತ ಒಂದು ಚಿಟಿಕೆ.
ಏಳೂ ಹತ್ತಕ್ಕೆ ಮತ್ತೆ ಬಂದರು.
ಅದೇ ಗಡಿಯಾರ, ಅದೇ ಮಾತು,
ಮರುಕ ಮಾತ್ರ ಪ್ರತಿ ಸಲವೂ ಹೊಸದು.
ಒಂಬತ್ತರೊಳಗೆ ಪೇಪರಿನ ಅಂಚಿನಲ್ಲಿ ಐದು ಗೀಟು ಎಳೆದಿದ್ದೆ.
ಆರನೆಯದಕ್ಕೆ ಪೆನ್ನು ಏಳಲಿಲ್ಲ.

ಹಾಲಿನವನಿಗೆ ಎರಡೆರಡು ಸಲ ದುಡ್ಡು ಕೊಟ್ಟದ್ದು,
ಪಕ್ಕದ ಬೀದಿಯ ಗೇಟು ತೆಗೆದು ಚಪ್ಪಲಿ ಬಿಟ್ಟದ್ದು,
ನನ್ನನ್ನು ಯಾವುದೋ ಫಿಟ್ಟರಿನ ಹೆಸರಿಂದ ಕರೆದದ್ದು
ಎಲ್ಲ ಕೇಳಿಸಿತ್ತು ನನಗೆ. ವಯಸ್ಸಿನ ಸದ್ದು ಅಂತ ಬಿಟ್ಟಿದ್ದೆ.
ಡಿಪೋದಲ್ಲಾಗಿದ್ದರೆ
ಆ ಗಾಡಿಯನ್ನು ರೂಟಿಗೆ ಬಿಡುತ್ತಿರಲಿಲ್ಲ.

ತಾರಾಮಣಿ ಅವರೆಕಾಯಿ ಸುಲಿಯುತ್ತಿದ್ದಳು. ಹೇಳಿದೆ.
"ಗೊತ್ತು" ಅಂದಳು, ತಲೆಯೆತ್ತದೆ.

ಮೂರು ದಿನ ಉಪವಾಸ. ದಿನಕ್ಕೆ ಎರಡು ಬಕೆಟ್ ನೀರು ಬದಲು,
ಕ್ಲೋರಿನ್ ಹಾರಲಿ ಅಂತ ರಾತ್ರಿಯೆಲ್ಲ ತೆರೆದಿಟ್ಟ ನಲ್ಲಿ ನೀರು.
ನಾಲ್ಕನೇ ದಿನ ಬೆಂದ ಬಟಾಣಿ, ಸಿಪ್ಪೆ ತೆಗೆದು, ಅಂದಿದ್ದ ಇಮ್ದಾದ್.
ಬಟಾಣಿ ಇರಲಿಲ್ಲ.
ನೆನೆದ ಅವರೆಕಾಳಿನ ಬೋಗುಣಿ ಮುಂದೆ ಮಾವ ಕೂತಿದ್ದರು.
ಹೆಬ್ಬೆರಳು ತೋರುಬೆರಳು ಒಂದು ಸಲ ಹಿತುಕಿದರೆ
ಪುಳಕ್ಕನೆ ಬೇಳೆ ಆಚೆ, ಸಿಪ್ಪೆ ಈಚೆ.
ಆ ಬೆರಳು ಏನನ್ನೂ ಮರೆತಿರಲಿಲ್ಲ.

ಒಂದೇ ಒಂದು ಬೇಳೆ ಬೇಯಿಸಿ, ನುರಿದು,
ಅವರ ಅಂಗೈಗೇ ಕೊಟ್ಟೆ. ಹಾಕಿದರು.
ಮೀನು ವಾಲಿಕೊಂಡೇ ಬಂತು, ಕಚ್ಚಿತು, ಉಗುಳಿತು,
ಮತ್ತೆ ಕಚ್ಚಿತು.

ಮುಂದಿನ ಬುಧವಾರ ಡಾಕ್ಟರ ಹತ್ತಿರ ಹೋಗುವುದಿದೆ,
ಮಾವನನ್ನು ಕರೆದುಕೊಂಡು.
ಡಬ್ಬಿ ಈಗ ಬೀರುವಿನ ಮೇಲೆ.
ತೊಟ್ಟಿಯ ಪಕ್ಕ ಅಂಥದ್ದೇ ಇನ್ನೊಂದು ಇಟ್ಟಿದ್ದೇವೆ, ಖಾಲಿ.
ಅವರು ಬರುತ್ತಾರೆ, ಗಡಿಯಾರ ನೋಡುತ್ತಾರೆ,
ಏನೂ ಇಲ್ಲದ ಒಂದು ಚಿಟಿಕೆಯನ್ನು
ಚೆಲ್ಲದಂತೆ ನೀರಿಗೆ ಉದುರಿಸುತ್ತಾರೆ.
ಮೀನು, ಇನ್ನೂ ಕೊಂಚ ಎಡಕ್ಕೆ ವಾಲಿಕೊಂಡೇ,
ಪ್ರತಿ ಸಲವೂ ಮೇಲೆ ಬರುತ್ತದೆ.