ಹೊಸಂಗಡಿ ಗೇಟು

ಗೇಟು ಬಿದ್ದಿದೆ.
ಸ್ಕೂಟರು ನನ್ನದು, ಬಿಡುವವಳೂ ನಾನೇ;
ಹಿಂದೆ ರತೀಶ, ಕೈಯಲ್ಲಿ ಬೂತಾಯಿಯ ತೊಟ್ಟೆ.
ಇಪ್ಪತ್ತೊಂಬತ್ತು ಅವನಿಗೆ.
ನನ್ನದನ್ನು ಊರೇ ಎಣಿಸಿಟ್ಟಿದೆ.

ಲಾರಿಯ ಮರೆಯಿಂದ ಒಬ್ಬ: ಕೊಬ್ಬರಿಗೊಂದು ಬೊಂಡ!
ರಿಕ್ಷಾದೊಳಗಿಂದ ತುಳು, ತಗ್ಗಿದ ದನಿ: ಅಪ್ಪೆ-ಮಗೆ.
ಮಲಯಾಳದವರು ತುಸು ಮರ್ಯಾದೆಯವರು,
ಚೇಚಿ ಎಂದಷ್ಟೇ ಎಳೆದು ನಗುತ್ತಾರೆ.
ಏಳು ಭಾಷೆಯ ನೆಲವಂತೆ; ಬಾಕಿ ನಾಲ್ಕು
ರೈಲು ದಾಟುವುದರೊಳಗೆ ಬಂದಾವು.

ಅಜ್ಜಿಯ ಕೈ ಹಿಡಿದಾಗ ನನ್ನಜ್ಜನಿಗೆ
ವರ್ಷ ಇಪ್ಪತ್ತೆರಡು ಹೆಚ್ಚು,
ಹಲ್ಲು ನಾಲ್ಕು ಕಡಿಮೆ.
ಅದನ್ನೇನೆಂದು ಕರೆದಿದ್ದರು?
ಬೆಳಗಿಂದ ಹುಡುಕುತ್ತಿದ್ದೇನೆ.
ಮದುವೆ ಎಂದಿದ್ದರು.

ಮೊನ್ನೆ ಕಾಸರಗೋಡಿನ ಕನ್ನಡಕದಂಗಡಿ ಹುಡುಗಿ
"ಅಮ್ಮನಿಗೆ ಯಾವ ಫ್ರೇಮು?" ಎಂದು ಅವನನ್ನೇ ಕೇಳಿದಳು.
ಅವನ ಕಿವಿ ಕೆಂಪು. ನನಗೆ ನಗು,
ಬಸ್ ಸ್ಟ್ಯಾಂಡ್ ತಲುಪುವವರೆಗೂ ನಗು,
ಆಮೇಲೆ ಅಲ್ಲ.

ರೈಲು ಬಂತು. ಬಾಯಿಗಳು ಆಡುತ್ತಿವೆ,
ಒಂದೂ ಕೇಳುವುದಿಲ್ಲ.
ಕಂಬ ಎದ್ದೊಡನೆ ಬೆನ್ನಿಗೆ ಮೊಣಕೈ:
"ಓಯ್, ಬಿಡು ಮಾರಾಯ್ತಿ,
ಮೀನು ಕೆಡುತ್ತದೆ."