ಒಂದೇ ಮಾತು

ನಾಟಕದಲ್ಲಿ ನನಗಿರುವುದು ಒಂದೇ ಮಾತು: "ಬಾಗಿಲು ತೆಗಿ."
ಮೇಷ್ಟ್ರು ಎವರಿಸ್ಟೊ ಅನ್ನುತ್ತಾರೆ, ಹೊಟ್ಟೆಯಿಂದ ಬರಲಿ, ಐಲೆನ್.
ಹೊಟ್ಟೆಯಲ್ಲಿ ಬೆಳಗಿನ ಒಂದು ಕರಿದ ಸೊಪೈಪಿಯಾ, ಅದೂ ಸಾಲದ್ದು.

ವಾಲ್ಪರೈಸೊದ ಬಸ್ಸು ವಿದ್ಯಾರ್ಥಿ ಪಾಸು ಕಂಡರೆ ನಿಲ್ಲುವುದಿಲ್ಲ,
ನಿಂತರೂ ಅರ್ಧ ಬಾಗಿಲು.
ಅಡ್ಡ ತಿರುಗಿ ನುಸುಳುತ್ತೇನೆ, ರಟ್ಟಿನ ಬಂದೂಕಿನ ಸಮೇತ.

ಚುನಾವಣೆಗೆ ನಿಂತವನ ಮುಖ ಕಂಬಕಂಬದಲ್ಲೂ.
ನಗು ಪರವಾಗಿಲ್ಲ; ಕೈ ಎಲ್ಲಿಡಬೇಕೆಂದು ಮಾತ್ರ
ಯಾರೂ ಹೇಳಿಕೊಟ್ಟಿಲ್ಲ.
ನಮ್ಮ ತರಗತಿಯಲ್ಲಾದರೆ ಮೊದಲ ವರ್ಷವೇ ಫೇಲು.

ಅಜ್ಜಿ ನನ್ನ ಸೈನಿಕನ ಅಂಗಿ ಒಗೆಯಲಾರೆ ಎಂದಳು.
ಕಾರಣ ಹೇಳಲಿಲ್ಲ.
ಬಕೆಟ್ಟು ಅಲ್ಲೇ ಬಿಟ್ಟು ಒಳಗೆ ಹೋದಳು.

ಇವತ್ತು ರಂಗದ ಮೇಲೆ
ಬಾಗಿಲ ಮುಂದೆ ನಿಂತೆ. ಮಾತೇನೂ ಮರೆತಿರಲಿಲ್ಲ.
ತಟ್ಟಲು ಎತ್ತಿದ ಕೈ
ಎಲ್ಲಿಡಬೇಕೋ ತಿಳಿಯಲಿಲ್ಲ.