ಎಂಟನೆಯ ಗೂಡು

ಮುಧೋಳ ಬಸ್ ನಿಲ್ದಾಣದ ಎದುರು
ಜೆರಾಕ್ಸ್ ಅಂಗಡಿಯ ಒಳಕೋಣೆಯಲ್ಲಿ
ನಾನು ಮರ ಬರೆಯುತ್ತೇನೆ, ಒಂದು ಗೆರೆಯನ್ನೂ ಎಳೆಯದೆ.
ಚೌಕ ಕಂಸ ತೆರೆದರೆ ಒಂದು ಟೊಂಗೆ,
ಅದರೊಳಗೆ ಇನ್ನೊಂದು, ಅದರ ಹೊಟ್ಟೆಯಲ್ಲಿ ಮತ್ತೊಂದು.
ಮುಚ್ಚುವುದು ಮರೆತೆನೋ,
ಸಾಲು ನಲವತ್ತೇಳು ಎಂದು ಯಂತ್ರ ಬೈಯುತ್ತದೆ.
ಮರವೇ ಇಲ್ಲ.

ಲಗಮಣ್ಣ ಬಂದದ್ದು ಕಬ್ಬಿನ ಹಂಗಾಮಿನಲ್ಲಿ,
ಗೊಬ್ಬರದ ಚೀಲದ ತುಂಬ ಫೋಟೋ.
"ನಮ್ಮ ತೋಳ್ಯಾನ ವಂಶ ಬರೀರಿ ಅಕ್ಕಾರ.
ಕೊಳ್ಳಾವ್ರು ಪುಣೆದಿಂದ ಬರತಾರ.
ಎಲ್ಲಾರ ಮಾರೀನೂ ಕಾಣಬೇಕು."
ತೋಳ್ಯಾ ಹೊಸ್ತಿಲಲ್ಲಿ ಕೂತಿದ್ದ,
ಪಕ್ಕೆಲುಬು ಎಣಿಸಬಹುದಾದ ಮೈ, ಬೇಸತ್ತ ಕಣ್ಣು.

ಬುಡದಲ್ಲಿ ಅವನು. ಆಚೆ ಅವ್ವ ಅಪ್ಪ,
ಅವರಾಚೆ ನಾಲ್ಕು, ಅದರಾಚೆ ಎಂಟು.
ಎಲ್ಲ ಹೆಸರೂ ಲಗಮಣ್ಣನಿಗೆ ಬಾಯಿಪಾಠ.
ನಿಮ್ಮ ಮುತ್ತಜ್ಜನ ಹೆಸರೇನು, ಸುಮ್ಮನೆ ಕೇಳಿದೆ.
ತಲೆ ಕೆರೆದುಕೊಂಡ.

ಮೊದಲು ದುಂಡನೆಯ ಗೂಡು ಮಾಡಿದೆ,
ಅಂಚು ಮೀರಿದ್ದನ್ನು ಕತ್ತರಿಸು ಎಂದೆ.
ಎಲ್ಲ ನಾಯಿಗಳ ಮೂಗೂ ಹೋಯಿತು.
"ಮುಧೋಳ ನಾಯಿಗಿ ಮೂಗ ಇಲ್ಲಂದ್ರ ಮತ್ತೇನೈತ್ರಿ?"
ಸರಿ, ಅಗಲ ಮೂರು ಸೆಂಟಿಮೀಟರು, ಎತ್ತರ ಒಂದೂವರೆ.
ಟೊಂಗೆಗಳು ಒಂದರ ಮೇಲೊಂದು ಬಿದ್ದವು.
ಅಂತರ ಹೆಚ್ಚಿಸಿದೆ, ಹಾಳೆ ಸಾಲಲಿಲ್ಲ,
ಹಾಳೆಯನ್ನೇ ಅಡ್ಡ ತಿರುಗಿಸಿದೆ.

ಬಿಜಲಿ ಎರಡು ಕಡೆ ಬಂದಳು,
ಅವ್ವನ ಕಡೆಗೂ ಮುತ್ತಜ್ಜಿ, ಅಪ್ಪನ ಕಡೆಗೂ.
ಒಂದೇ ಚಿತ್ರ, ಎರಡು ಗೂಡು.
ಮರಕ್ಕೆ ಕವಲೊಡೆಯಲು ಬರುತ್ತದೆ,
ಒಡೆದ ಕವಲು ಮತ್ತೆ ಕೂಡಲು ಬಾರದು.
ಲಗಮಣ್ಣ ಕೆಮ್ಮಿದ.
"ಒಂದರಾಗ ಬ್ಯಾರೆ ನಾಯಿ ಫೋಟೋ ಕುಂದರಸ್ರಿ."
ನಾನು ಕೂರಿಸಲಿಲ್ಲ.

ಕೊನೆಗೆ ಹೌಶಿ, ಎಂಟನೆಯ ಗೂಡು.
ಚಿತ್ರ ಸಿಗಲಿಲ್ಲ ಎಂದು ಯಂತ್ರ ನಿಂತೇ ಬಿಟ್ಟಿತು.
"ಒಂದೈತಿ," ಅಂದ.
ಚೀಲದಿಂದಲ್ಲ, ಅಂಗಿಯ ಕಿಸೆಯಿಂದ ತೆಗೆದ:
ಘಟಪ್ರಭೆಯ ದಂಡೆ, ಎರೆಹೊಲ,
ಮೊಣಕಾಲೆತ್ತರದ ಧೂಳು.
ಎಡದ ಅಂಚಿಗೆ ಬಾಲದ ತುದಿಯೋ,
ಫೋಟೋಕ್ಕೆ ಬಿದ್ದ ಗೀರೋ.
"ಮೊಲದ ಹಿಂದ ಹೊಂಟಿದ್ಳು. ನಿಂತ್ರ ತಾನ ಫೋಟೋ!"

ಮೂರು ಸೆಂಟಿಮೀಟರು ಧೂಳು, ಎತ್ತರ ಒಂದೂವರೆ.
ಕೆಳಗೆ ಹೆಸರು ಬರೆದೆ.
ಅವಳದು, ಅವಳ ಮಗನದು, ಮೊಮ್ಮಗಳದು, ತೋಳ್ಯಾನದು,
ನಾಲ್ಕು ಕಂಸ ಸಾಲಾಗಿ ಮುಚ್ಚಿದೆ.

ಪ್ರಿಂಟರು ಗುರುಗುಟ್ಟಿತು.
ಹೊಸ್ತಿಲಿಂದ ತೋಳ್ಯಾ
ಉತ್ತರ ಕೊಟ್ಟ.